ನಾಯಿ ಅಗಿಯುವ ಮೂಳೆಗೂ ಲೇಬಲ್ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಜಯನಗರದ ಸುತ್ತಮುತ್ತ ಈಗ ಸಾಕುಪ್ರಾಣಿ ಅಂಗಡಿಗಳು ಜಾಸ್ತಿಯಾಗಿವೆ. ಒಳಗೆ ಹೋದರೆ ಕೌಂಟರ್ ಪಕ್ಕದಲ್ಲೇ ದೊಡ್ಡ ಪ್ಲಾಸ್ಟಿಕ್ ಡಬ್ಬಗಳು. ಗಂಟು ಕಟ್ಟಿದ ಬಿಳಿ ಮೂಳೆ, ಕಡ್ಡಿ, ಉಂಗುರ, ಎಲ್ಲವೂ ಬಿಡಿ ಮಾರಾಟ. ಯಾವುದರಿಂದ ಮಾಡಿದ್ದು, ಯಾವ ಗಾತ್ರದ ನಾಯಿಗೆ, ಒಂದಕ್ಷರವೂ ಬರೆದಿರುವುದಿಲ್ಲ. ಕೇಳಿದರೆ "ಎಲ್ಲಾ ನಾಯಿಗೂ ಕೊಡಬಹುದು ಮೇಡಂ" ಅನ್ನುತ್ತಾರೆ. ಕೊಡಬಾರದು. ಅದಕ್ಕೇ ಈ ಪತ್ರ.

ಆ ಬಿಳಿ ಗಂಟು ದನ, ಎಮ್ಮೆ ಚರ್ಮದ ಒಳಪದರ. ರಾಹೈಡ್ ಅನ್ನುವುದು ಇದನ್ನೇ. ಸುಣ್ಣ ಹಾಕಿ ಕೂದಲು ತೆಗೆದು, ಬ್ಲೀಚ್ ಮಾಡಿ ಒಣಗಿಸುತ್ತಾರೆ. ಅಗಿಯುತ್ತಾ ಹೋದಂತೆ ಅದು ನೆನೆದು ಜಿಗುಟಾಗುತ್ತದೆ. ಆತುರದ ನಾಯಿ ಕೊನೆಯ ತುಂಡನ್ನು ಹಾಗೇ ನುಂಗಿಬಿಡುತ್ತದೆ. ಸುಲಭಕ್ಕೆ ಜೀರ್ಣವಾಗದ ಆ ತುಂಡು ಹೊಟ್ಟೆಯಲ್ಲಿ ಊದಿಕೊಂಡು ಕರುಳಿಗೆ ಅಡ್ಡ ಕೂರಬಹುದು. ನಮ್ಮ ಪಕ್ಕದ ಮನೆಯ ಲ್ಯಾಬ್ರಡಾರ್‌ಗೆ ಆದದ್ದು ಹೀಗೇ. ವಾಂತಿ ನಿಲ್ಲಲೇ ಇಲ್ಲ. ಕೊನೆಗೆ ಆಪರೇಷನ್ ಮಾಡಿ ತುಂಡು ತೆಗೆದರು. ಬದುಕಿತು, ಪುಣ್ಯ.

ಹಾಗಂತ ಕಲ್ಲಿನಂಥ ಗೊರಸು, ಹಿಮಾಲಯದ ಕಡೆಯ ಯಾಕ್ ಎಂಬ ದನದ ಹಾಲಿನ ಗಟ್ಟಿ ಚೀಸ್ ಕಡ್ಡಿ ತಂದರೆ ಹಲ್ಲಿಗೆ ಕಷ್ಟ. ಬೆಳೆದ ನಾಯಿಗೆ 42 ಹಲ್ಲು. ಗಟ್ಟಿ ವಸ್ತು ಕಡಿದಾಗ ಜಾಸ್ತಿ ಸೀಳುವುದು ಮೇಲಿನ ದವಡೆಯ ದೊಡ್ಡ ಹಲ್ಲು. ನೋವಿದ್ದರೂ ಎಷ್ಟೋ ನಾಯಿಗಳು ಊಟ ಬಿಡುವುದಿಲ್ಲ, ಸುಮ್ನೆ ಒಂದೇ ಪಕ್ಕದಲ್ಲಿ ಅಗಿಯುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ಕೊಳ್ಳುವ ಮೊದಲು ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಸ್ವಲ್ಪವೂ ಗುರುತು ಬೀಳದಿದ್ದರೆ ಬೇಡ. ಇಡಿಯಾಗಿ ಬಾಯೊಳಗೆ ಹೋಗುವಷ್ಟು ಚಿಕ್ಕದೂ ಬೇಡ.

ಭಾನುವಾರ ದೊನ್ನೆ ಬಿರಿಯಾನಿ ತಿಂದು ಮೂಳೆಯನ್ನು ಬೀದಿ ನಾಯಿಗೆ ಹಾಕುವವರಿಗೂ ಒಂದು ಮಾತು. ಪ್ರೀತಿಯಿಂದಲೇ ಹಾಕುತ್ತೀರಿ, ಗೊತ್ತು. ಆದರೆ ಬೆಂದ ಮೂಳೆ ಚೂಪಾದ ಚೂರುಗಳಾಗಿ ಒಡೆದು ಗಂಟಲು, ಕರುಳು ಚುಚ್ಚುತ್ತದೆ. ಜೊತೆಗಿರುವ ಈರುಳ್ಳಿ ನಾಯಿಯ ರಕ್ತಕಣಗಳನ್ನೇ ಹಾಳು ಮಾಡುತ್ತದೆ. ಬೇಯಿಸಿದ ಮೊಟ್ಟೆ, ಬರೀ ಅನ್ನ ಹಾಕಿ. ಅದೂ ಖುಷಿಯಿಂದ ತಿನ್ನುತ್ತವೆ, ಅಲ್ವಾ?

ನಮ್ಮ ಮನೆಯ ನಾಯಿ ಕರಿಯ, ಬೀದಿಯಿಂದಲೇ ಬಂದವನು. ಅವನಿಗೆ ಗಾಂಧಿ ಬಜಾರಿನ ಕ್ಯಾರೆಟ್, ಬೇಯಿಸಿ ಒಣಗಿಸಿದ ಗೆಣಸಿನ ಹೋಳು. ಬೇಸಿಗೆಯಲ್ಲಿ ಟೊಳ್ಳು ರಬ್ಬರ್ ಆಟಿಕೆಯೊಳಗೆ ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನ ತುಂಬಿ ಫ್ರೀಜರ್‌ನಲ್ಲಿಡುತ್ತೇನೆ. ನೆಕ್ಕುತ್ತಾ ನೆಕ್ಕುತ್ತಾ ಮಧ್ಯಾಹ್ನವಿಡೀ ಕಳೆಯುತ್ತಾನೆ. ಕಡಲೆಕಾಯಿ ಬೆಣ್ಣೆ ಹಚ್ಚುವವರು ಡಬ್ಬಿಯಲ್ಲಿ ಸಕ್ಕರೆ ಬದಲು ಹಾಕುವ ಕ್ಸೈಲಿಟಾಲ್ ಇದೆಯಾ ಅಂತ ಓದಿ. ಆ ಸಿಹಿ ನಾಯಿಗೆ ವಿಷ. ತಿಂಡಿ ಏನೇ ಇರಲಿ, ದಿನದ ಆಹಾರದ ಕ್ಯಾಲೊರಿಯಲ್ಲಿ 10 ಶೇಕಡಾ ದಾಟಬಾರದು.

ಅಂಗಡಿಯವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಪ್ರತಿ ಡಬ್ಬದ ಮೇಲೆ ಅದು ಯಾವುದರಿಂದ ಆದದ್ದು, ಎಷ್ಟು ತೂಕದ ನಾಯಿಗೆ, ಯಾವಾಗ ತಯಾರಿಸಿದ್ದು ಎಂದು ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಇದರ ಬಗ್ಗೆ ಒಂದು ಪುಟದ ಹಾಳೆ ಮಾಡಿ ಅಂಗಡಿಗಳಿಗೆ ಹಂಚಿದರೆ ಇನ್ನೂ ಒಳ್ಳೆಯದು. ಅಚ್ಚು ಹಾಕಿಸುವ ಖರ್ಚು ಕೊಡಲು ನಮ್ಮ ಬೀದಿಯ ನಾಯಿ ಸಾಕಿದವರೆಲ್ಲ ತಯಾರಿದ್ದೇವೆ.

– ಒಬ್ಬ ಓದುಗರು, ಜಯನಗರ, ಬೆಂಗಳೂರು