ಆ ದನಿ ನಿನ್ನದಲ್ಲ ಅನ್ನಿಸಿದ್ದರ ಬಗ್ಗೆ

ಚಿರಂಜೀವಿ ಪುಟ್ಟಿಗೆ, ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಮೂರು ಸಲ ಓದಿದೆ. ಕೇಬಲ್ ತೆಗೆಸಿದ್ದು, ಅದಕ್ಕೆ ಮನೆಯಲ್ಲಿ ನಡೆದ ಮಾತುಕತೆ ಎಲ್ಲವನ್ನೂ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಸಹಿಗೂ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಆ ನಾಲ್ಕು ಸಾಲು ನನ್ನನ್ನು ಕೂರಲು ಬಿಡುತ್ತಿಲ್ಲ. ಕಾಲೊನಿಯ ನೀರಿನ ವಿಷಯ ಹೇಳೋಣ ಅಂತ ವಾರ್ಡ್ ಸಭೆಯಲ್ಲಿ ಎದ್ದು ನಿಂತೆ, ಬಾಯಿಂದ ಬಂದದ್ದು "ಇದಕ್ಕೆ ಯಾರು ಹೊಣೆ, ಉತ್ತರ ಕೊಡಿ" ಅನ್ನುವ ಟಿವಿಯ ದನಿ, ಬೆರಳೂ ಹಾಗೇ ಎದ್ದಿತ್ತು, ಹಿಂದೆ ಕೂತಿದ್ದ ಕಾಲೊನಿಯ ಹೆಂಗಸರು ತಲೆ ತಗ್ಗಿಸಿದರು, ನನ್ನೊಳಗೆ ನನ್ನದು ಅನ್ನುವ ಮಾತೇ ಇಲ್ಲವೇನೋ ದೊಡ್ಡಮ್ಮ, ಅಂತ.

ಇದೆ ಕಣೇ. ಅಡಿಯಲ್ಲೆಲ್ಲೋ ಇದೆ, ಮೇಲೆ ಬಹಳ ಸುರಿದುಬಿಟ್ಟಿದೆ ಅಷ್ಟೆ. ದಿನಕ್ಕೆ ಎರಡು ಗಂಟೆ ಟಿವಿಯ ಸುದ್ದಿ ಚರ್ಚೆ ನೋಡಿದರೆ ವರ್ಷಕ್ಕೆ 730 ಗಂಟೆ ಆಯಿತು. ವಾರ್ಡ್ ಸಭೆ ನಡೆಯುವುದು ಆರು ತಿಂಗಳಿಗೊಮ್ಮೆ, ಅದೂ ಒಂದೆರಡು ಗಂಟೆ. ಕಿವಿಗೆ ಯಾವುದರ ಅಭ್ಯಾಸ ಹೆಚ್ಚೋ ನಾಲಿಗೆಗೂ ಅದೇ ಬರುತ್ತದೆ. ಅದರಲ್ಲಿ ನಿನ್ನ ಕೊರತೆ ಹುಡುಕಬೇಡ. ಆ ಚರ್ಚೆಗಳ ಕಟ್ಟುಪಾಡೇ ಹಾಗಿದೆ: ಆರೆಂಟು ಮುಖ, ಒಬ್ಬೊಬ್ಬರಿಗೆ ಅರೆನಿಮಿಷ, ಉತ್ತರ ಇರಲಾರದ ಪ್ರಶ್ನೆ, ಕೊನೆಗೆ ಏನೂ ತೀರ್ಮಾನವಾಗದೆ ಜಾಹೀರಾತು. ಅಲ್ಲಿ ಬೈದವರು ಬೈಸಿಕೊಂಡವರ ಮುಖವನ್ನು ಮರುದಿನ ನೋಡಬೇಕಿಲ್ಲ. ನೀನು ಬೆರಳು ತೋರಿಸಿದ ನೀರುಗಂಟಿ ಬೆಳಗ್ಗೆ ಎದ್ದು ನಿನ್ನ ಬೀದಿಯ ವಾಲ್ವ್ ತಿರುಗಿಸಲು ಬರುತ್ತಾನೆ.

ಕೇಬಲ್ ಹೋದ ಮೇಲೂ ಆ ದನಿ ಯಾಕೆ ಉಳಿದಿದೆ ಅಂತ ಕೇಳಿದ್ದೀಯ. ಒಂದು, ಫೋನು. ಅದೇ ಚರ್ಚೆಯ ತುಣುಕುಗಳು ವಾಟ್ಸ್ಯಾಪ್‌ನಲ್ಲಿ ಬರುತ್ತವೆ, ಯೂಟ್ಯೂಬ್‌ನಲ್ಲಿ ಒಂದು ಮುಗಿಯುತ್ತಲೇ ಇನ್ನೊಂದು ತಾನಾಗಿ ಓಡುತ್ತದೆ. ಕೇಬಲ್ ಬಿಟ್ಟ ಎಷ್ಟೋ ಜನ ಇಲ್ಲೇ ಮತ್ತೆ ಸಿಕ್ಕಿಕೊಳ್ಳುತ್ತಾರೆ. ಆಟೋಪ್ಲೇ ಆಫ್ ಮಾಡು, ಆ ಗುಂಪುಗಳನ್ನು ಮ್ಯೂಟ್‌ನಲ್ಲಿಡು, ಬಿಟ್ಟು ಬಂದರೆ ನೆಂಟರು ಬೇಸರಪಟ್ಟುಕೊಳ್ಳುತ್ತಾರೆ. ಇನ್ನೊಂದನ್ನು ಹೇಳಲು ಸಂಕೋಚ. ನಿನ್ನ ಅತ್ತೆಯವರ ಸಂಜೆಯನ್ನೂ ನಿನ್ನ ಜೊತೆ ಖಾಲಿ ಮಾಡಿಬಿಟ್ಟೆಯಾ? ಧಾರಾವಾಹಿ ನೋಡುವವರ ಪಾಡು ಬೇರೆ. ಡಿಡಿ ಫ್ರೀ ಡಿಶ್‌ಗೆ ಬುಟ್ಟಿ ಆಂಟೆನಾ ಮತ್ತು ಬಾಕ್ಸಿಗೆ ಒಂದು ಸಲ ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ಅವರಿಗೆ ಬೇಕಾದ ಚಾನೆಲ್ ಅದರಲ್ಲಿ ಇಲ್ಲದಿದ್ದರೆ ಕೇಬಲ್ಲೇ ಮತ್ತೆ ಹಾಕಿಸು, ತಪ್ಪೇನೂ ಇಲ್ಲ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಲ್ಲಿ ಪೇ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು, ಆಪರೇಟರು ಕೊಟ್ಟ ಪ್ಯಾಕೇ ಆಗಬೇಕೆಂದಿಲ್ಲ. ಸುದ್ದಿ ಚಾನೆಲ್‌ಗಳಲ್ಲಿ ಎಷ್ಟೋ ಉಚಿತವಾದವು, ಸಾಮಾನ್ಯವಾಗಿ ಪ್ಯಾಕಿನ ಜೊತೆಗೇ ಬರುತ್ತವೆ. ಅವಕ್ಕೆ ಬಾಕ್ಸಿನ ಮೆನುವಿನಲ್ಲಿ ಚೈಲ್ಡ್ ಲಾಕ್ ಹಾಕು. ಹಳೆಯ ಬಾಕ್ಸು ಬಾಡಿಗೆಯದಾಗಿದ್ದರೆ ವಾಪಸು ಕೊಟ್ಟು ರಸೀತಿ ತಗೋ, ಠೇವಣಿ ಕೇಳು.

ಆ ಸಾಲಿಗೇ ಮತ್ತೆ ಬರುತ್ತೇನೆ. "ನನ್ನದು ಅನ್ನುವ ಮಾತೇ ಇಲ್ಲವೇನೋ."

ಎರವಲು ದನಿಗೆ ಟಿವಿಯೇ ಬೇಕಿಲ್ಲ ಪುಟ್ಟಿ. ನನ್ನ ಹರೆಯದಲ್ಲಿ ವೇದಿಕೆ ಇತ್ತು, ಕರಪತ್ರ ಇತ್ತು. ಶೋಷಣೆ, ವ್ಯವಸ್ಥೆ, ಹೋರಾಟ ಅನ್ನುವ ಮಾತು ಬಾಯ್ತುಂಬ ಇತ್ತು. ಅವು ಸುಳ್ಳಾಗಿರಲಿಲ್ಲ, ಇವತ್ತೂ ಅಲ್ಲ. ಆದರೆ ಆಗ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಜೀರ್ ಸಾಬರ ಕಾಲದ ಕಾನೂನಿನಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಬಂದು, ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟು, ನಿಲ್ಲಿ ಅಂತ ಮನೆಬಾಗಿಲಿಗೆ ಬಂದು ಕೇಳಿದಾಗ ಒಲ್ಲೆ ಅಂದೆ. ಚರಂಡಿ, ನಲ್ಲಿಯ ಬಗ್ಗೆ ನಾಲ್ಕು ಮಾತು ಆಡಲು ನನಗೆ ಬರುತ್ತಿರಲಿಲ್ಲ ಅನ್ನುವುದೇ ನಿಜವಾದ ಕಾರಣ. ಇವತ್ತು ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರದ್ದು. ಅದನ್ನು ನೆನೆದಾಗಲೆಲ್ಲ ಆ ಒಲ್ಲೆ ಅಂದದ್ದು ಚುಚ್ಚುತ್ತದೆ. ನಿನ್ನ ಕಾಗದದಲ್ಲಿ ಅದೇ ಹಿಂಜರಿಕೆಯ ವಾಸನೆ ಬಂತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹಾಗಾದರೆ ಏನು ಮಾತಾಡುವುದು ಅನ್ನುತ್ತೀಯ. ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ, ನಿಮ್ಮೂರಿಗೆ ಹೊಂದದಿದ್ದರೆ ಬಿಟ್ಟುಬಿಡು. ಟಿವಿಯ ಮಾತಿನಲ್ಲಿ ಜಾಗ ಇರುವುದಿಲ್ಲ, ಅಳತೆ ಇರುವುದಿಲ್ಲ, ತಾರೀಖು ಇರುವುದಿಲ್ಲ. "ಇವರು", "ಅಂಥವರು" ಮಾತ್ರ ಇರುತ್ತದೆ. ಆ ಮೂರನ್ನೂ ನೀನು ತುಂಬಿಸಿದರೆ ಆ ದನಿಗೆ ನಿಲ್ಲಲು ಜಾಗವೇ ಸಿಗುವುದಿಲ್ಲ.

ನೀರನ್ನೇ ತಗೋ. ಶುದ್ಧ ನೀರಿನ ಘಟಕದಿಂದ ತರುತ್ತೀರಲ್ಲ, ಆ ಕ್ಯಾನು 20 ಲೀಟರಿನದು. ಅದನ್ನೂ ಒಂದು ಗಡಿಯಾರವನ್ನೂ ಹಿಡಿದು ಕಾಲೊನಿಯ ಸಾಲಿನ ಮೊದಲ ಮನೆ, ನಡುವಿನ ಮನೆ, ಕೊನೆಯ ಮನೆಯ ನಲ್ಲಿಗಳಲ್ಲಿ ತುಂಬಲು ಎಷ್ಟು ಹೊತ್ತು ಬೇಕು ನೋಡು. ಮೂರು ಸರದಿ ನೋಡು, ಒಂದೇ ದಿನದ ಲೆಕ್ಕ ಹಿಡಿದು ಹೋದರೆ "ಅವತ್ತು ಕರೆಂಟಿರಲಿಲ್ಲ" ಅನ್ನುತ್ತಾರೆ. ಕೊನೆಯ ಮನೆಯಲ್ಲಿ ಕ್ಯಾನು ತುಂಬಲು ನಾಲ್ಕು ನಿಮಿಷ ಹಿಡಿಯಿತು ಅನ್ನು, ಅಂದರೆ ನಿಮಿಷಕ್ಕೆ 5 ಲೀಟರು. ದಿನ ಬಿಟ್ಟು ದಿನ ಅರ್ಧ ಗಂಟೆ ನೀರು ಬಿಟ್ಟರೆ ಎರಡು ದಿನಕ್ಕೆ 150 ಲೀಟರು. ಐದು ಜನರ ಮನೆಯಲ್ಲಿ ತಲೆಗೆ ದಿನಕ್ಕೆ 15 ಲೀಟರು. ಜಲಜೀವನ್ ಮಿಷನ್ ಇಟ್ಟುಕೊಂಡ ಗುರಿ ತಲೆಗೆ 55 ಲೀಟರು. ಈ ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟು ಓದಿದರೆ ದನಿ ಏರಿಸುವ ಅಗತ್ಯವೇ ಬೀಳುವುದಿಲ್ಲ.

ಕೊನೆಯ ಮನೆಗೆ ಯಾಕೆ ಬರುವುದಿಲ್ಲ ಅನ್ನುವುದನ್ನೂ ಸಭೆಗೆ ಮುಂಚೆಯೇ ನೀರುಗಂಟಿಯ ಹತ್ತಿರ ಕೇಳು. ಅವನಿಗೆ ಗೊತ್ತಿರುವಷ್ಟು ಇಂಜಿನಿಯರಿಗೂ ಗೊತ್ತಿರುವುದಿಲ್ಲ. ಸಾಮಾನ್ಯವಾಗಿ ಮೂರರಲ್ಲಿ ಒಂದಿರುತ್ತದೆ. ಊರಿನ ಪೈಪನ್ನೇ ಕಾಲೊನಿಯವರೆಗೆ ಎಳೆದಿರುತ್ತಾರೆ, ಮೇಲಿನ ಮನೆಗಳು ಕುಡಿದು ಮಿಕ್ಕಿದ್ದು ಕೆಳಗೆ ಬರುತ್ತದೆ. ಇಲ್ಲವೇ ಮೇಲಿನವರು ನಲ್ಲಿಗೇ ಮೋಟರು ಕೂರಿಸಿ ಎಳೆಯುತ್ತಾರೆ. ಆಗ ಕೆಳಗಿನ ಪೈಪಿನಲ್ಲಿ ಒತ್ತಡ ಕುಸಿದು, ಬಿರುಕು ಇದ್ದ ಕಡೆ ಚರಂಡಿ ನೀರೂ ಒಳಗೆ ಸೇರುತ್ತದೆ, ಬರೀ ಕೊರತೆಯಲ್ಲ, ಕಾಯಿಲೆ. ಇಲ್ಲವೇ ಕಾಲೊನಿಗೆ ಬೇರೆ ವಾಲ್ವೇ ಇರುವುದಿಲ್ಲ. ಹೊಸ ಟ್ಯಾಂಕು ಬೇಕು ಅಂತ ಕೂಗುವ ಕಡೆ ಎಷ್ಟೋ ಸಲ ಒಂದು ಗೇಟ್ ವಾಲ್ವ್ ಹಾಕಿ ಸರದಿ ಬದಲಾಯಿಸಿದರೆ ಸಾಕಾಗುತ್ತದೆ. ಮೋಟರಿನ ಮಾತು ಮಾತ್ರ ಸೂಕ್ಷ್ಮ. ಹೆಸರು ಹೇಳಬೇಡ, "ಇಡೀ ಸಾಲಿನಲ್ಲಿ ತಪಾಸಣೆ ಆಗಲಿ" ಅನ್ನು. ನಮ್ಮ ನೆಂಟರ ಮನೆಯಲ್ಲೂ ಒಂದು ಸಿಕ್ಕೀತು, ಆಗ ಹಿಂದೆ ಸರಿಯಬೇಡ.

ಈಗ ಆ ತಲೆ ತಗ್ಗಿಸಿದ ಹೆಂಗಸರ ವಿಷಯ. ನನ್ನನ್ನು ಹೆಚ್ಚು ಕಾಡಿದ್ದು ಇದು. ನಿನ್ನ ದನಿ ಕೇಳಿ ಅವರು ನಾಚಿದರು ಅಂದುಕೊಂಡಿದ್ದೀಯ. ನಾನು ಬೇರೆ ಅಂದುಕೊಳ್ಳುತ್ತೇನೆ, ತಪ್ಪಿದ್ದರೆ ಮನ್ನಿಸು. ಸಭೆ ಮುಗಿದ ಮೇಲೆ ನೀನು ಮನೆಗೆ ಹೋಗುತ್ತೀಯ, ಆ ಮಾತಿನ ಫಲ ಉಣ್ಣಬೇಕಾದವರು ಅವರು. ಅವರ ನೀರಿನ ಬಗ್ಗೆ ಮಾತಾಡುವ ಮುಂಚೆ ಅವರನ್ನು ಕೇಳಿದ್ದೆಯಾ? ಪ್ರಗತಿಪರರು ಅನ್ನಿಸಿಕೊಂಡ ನಾವು ಮತ್ತೆ ಮತ್ತೆ ಎಡವಿದ್ದು ಇಲ್ಲೇ, ಅವರ ಪರವಾಗಿ ಅಂತ ಹೇಳುತ್ತಾ ಅವರ ಮಾತಿನ ಸರದಿಯನ್ನೂ ನಾವೇ ತಗೊಂಡೆವು. ಕ್ಯಾನಿನ ಲೆಕ್ಕ ಅವರೇ ಹಿಡಿಯಲಿ, ಅವರಲ್ಲೊಬ್ಬರು ಓದಲಿ, ನೀನು ಪಕ್ಕದಲ್ಲಿ ಕೂತಿರು. ಯಾರೂ ಓದಲು ಒಪ್ಪದಿದ್ದರೆ, ಓದು ಅಂತ ಅವರೇ ಹೇಳಿದ ಮೇಲೆ ನೀನು ಓದು.

ಸಭೆ ಎಲ್ಲಿ ನಡೆಯಿತು ಅಂತ ನೀನು ಬರೆದಿಲ್ಲ. ದೇವಸ್ಥಾನದ ಅಂಗಳದಲ್ಲಿ ಇಟ್ಟರೆ ಕಾಲೊನಿಯವರು ಅಂಚಿನಲ್ಲೇ ನಿಲ್ಲುತ್ತಾರೆ, ಬರುವುದೇ ಇಲ್ಲದಿದ್ದರೂ ಆಶ್ಚರ್ಯವಿಲ್ಲ. ಶಾಲೆಯಲ್ಲೋ ಕಾಲೊನಿಯ ಸಮುದಾಯ ಭವನದಲ್ಲೋ ಇಡಿ ಅಂತ ಮೊದಲೇ ಅರ್ಜಿ ಕೊಡಿ. ಬೆಳಗ್ಗೆ ಹನ್ನೊಂದಕ್ಕೆ ಅಂದರೆ ಕೂಲಿಗೆ ಹೋಗುವವರು ಒಂದು ದಿನದ ಕೂಲಿ ಬಿಡಬೇಕು, ಸಂಜೆ ಇಡಿಸಿ. ಕೇಳುವ ಹಕ್ಕಿದೆಯೇ ಅಂತ ಅನುಮಾನ ಬೇಡ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ, ಅಂದರೆ ಕನಿಷ್ಠ ಹಾಜರಾತಿ, ಬೇಕು, ಬಂದವರಲ್ಲಿ ನೂರಕ್ಕೆ 30ಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರಿರಬೇಕು, ಪರಿಶಿಷ್ಟ ಜಾತಿ ಪಂಗಡದವರು ಅವರ ಜನಸಂಖ್ಯೆಗೆ ತಕ್ಕಂತೆ ಇರಬೇಕು. ಗ್ರಾಮಸಭೆಗೆ ಹತ್ತನೇ ಒಂದು ಅಥವಾ 100 ಜನ. ಹಾಜರಾತಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದರೆ ಕೋರಂ ಕಾಗದದಲ್ಲಷ್ಟೇ ತುಂಬುತ್ತದೆ. ನಿಮ್ಮನೆ ಬಾಗಿಲಿಗೆ ಬಂದರೆ ಸಹಿ ಹಾಕಬೇಡ, ಸಭೆಗೇ ಬರುತ್ತೇನೆ ಅನ್ನು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ನಡಾವಳಿಯಲ್ಲಿ, ಅಂದರೆ ಸಭೆಯ ಬರಹದ ದಾಖಲೆಯಲ್ಲಿ. ಬಾಯಲ್ಲಿ ಆಡಿದ್ದು ಪುಸ್ತಕಕ್ಕೆ ಬರುವಾಗ "ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು" ಅಂತ ಒಂದು ಸಾಲಾಗುತ್ತದೆ. ವಾರ್ಡ್ ಸಭೆಯ ಪಟ್ಟಿಯಲ್ಲಿ ಆದ್ಯತೆಯ ಸಂಖ್ಯೆ ಹಾಕಿ ಬರೆಯದ ಕೆಲಸ ಗ್ರಾಮಸಭೆಗೆ ಹೋಗುವುದಿಲ್ಲ, ಕ್ರಿಯಾ ಯೋಜನೆಗೂ ಸೇರುವುದಿಲ್ಲ, ಮುಂದಿನ ವರ್ಷದವರೆಗೆ ಕಾಯಬೇಕು. ಆದ್ದರಿಂದ ಅರ್ಜಿ ಎರಡು ಪ್ರತಿ ಮಾಡಿ ಒಂದರ ಮೇಲೆ ಸ್ವೀಕೃತಿ ಮೊಹರು, ಟಪಾಲು ಸಂಖ್ಯೆ ಹಾಕಿಸಿಕೊ. ಸಭೆ ಮುಗಿಯುವ ಮುಂಚೆ "ನಡಾವಳಿ ಓದಿ ಹೇಳಿ ಸ್ವಾಮಿ" ಅನ್ನು. ಈ ಒಂದು ವಾಕ್ಯ ಮೆತ್ತಗೆ ಹೇಳಿದರೂ ನಡೆಯುತ್ತದೆ.

ಮಾಹಿತಿ ಹಕ್ಕಿನ ಅರ್ಜಿ ಈಗಲೇ ಹಾಕಲೇ ಅಂತ ಕೇಳಿದ್ದೀಯ. ಬೇಡ ಅನ್ನಿಸುತ್ತದೆ. ಮೊದಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಬಾಯಲ್ಲಿ ಕೇಳು, ಸಣ್ಣ ಊರಿನಲ್ಲಿ ಮೊದಲ ಹೆಜ್ಜೆಗೇ ಅದನ್ನು ಎತ್ತಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಡದಿದ್ದರೆ ಆಮೇಲೆ ಹಾಕು. 10 ರೂಪಾಯಿ ಪೋಸ್ಟಲ್ ಆರ್ಡರು, ಒಂದೇ ವಿಷಯ, 150 ಪದ ಮೀರಬಾರದು ಅನ್ನುವುದು ನಮ್ಮ ರಾಜ್ಯದ ನಿಯಮ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. "ಯಾಕೆ ಮಾಡಿಲ್ಲ" ಅಂತ ಬರೆದರೆ ಅದು ಮಾಹಿತಿಯಲ್ಲ ಅಂತ ತಳ್ಳಿಹಾಕುತ್ತಾರೆ. ಇಂಥ ತಾರೀಖಿನ ನಡಾವಳಿಯ ನಕಲು, ಇಂಥ ಕಾಮಗಾರಿಯ ಬಿಲ್ಲಿನ ನಕಲು ಅಂತ ದಾಖಲೆ ಹೆಸರಿಸಿ ಕೇಳು. ಇಲ್ಲೂ ಅದೇ ನೋಡು, ಟಿವಿಯ ಪ್ರಶ್ನೆಗೆ ಉತ್ತರ ಬರುವುದಿಲ್ಲ, ತಾರೀಖು ಹಾಕಿದ ಪ್ರಶ್ನೆಗೆ ಬರುತ್ತದೆ.

ಆ ದನಿ ಮತ್ತೆ ಬರಬಹುದು ಪುಟ್ಟಿ. ಯಾರಾದರೂ ಕೆಣಕಿದರೆ, ಹಿಂದಿನಿಂದ ಯಾರಾದರೂ ನಕ್ಕರೆ ಬೆರಳು ತಾನಾಗಿ ಏಳುತ್ತದೆ. ಬಂದರೆ ಅಲ್ಲೇ ನಿಲ್ಲಿಸಿ, "ತಪ್ಪಾಯಿತು, ಮತ್ತೆ ಹೇಳುತ್ತೇನೆ" ಅನ್ನು, ಕೈಯಲ್ಲಿರುವ ಚೀಟಿ ನೋಡಿ ಓದು. ಚೀಟಿ ಇಟ್ಟುಕೊಳ್ಳುವುದು ನಾಚಿಕೆಯ ಕೆಲಸವಲ್ಲ. ನೀರುಗಂಟಿಯ ಹತ್ತಿರ ಸಭೆಗೆ ಮುಂಚೆ ಒಂದು ಮಾತು ಆಡಿ ಬಾ, ಅವತ್ತು ಬೆರಳು ತೋರಿಸಿದ್ದಕ್ಕೆ ಬೇಸರವಾಯಿತೇನೋ ಅಂತ ಕೇಳು. ಅದನ್ನು ನಿನ್ನ ಪರವಾಗಿ ಇನ್ನೊಬ್ಬರು ಕೇಳಿದರೆ ಆಗುವುದಿಲ್ಲ.

ಕಣ್ಣು ಮಸುಕಾಗುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಮುಂದಿನ ಕಾಗದದಲ್ಲಿ ಬೇರೇನೂ ಬರೆಯದಿದ್ದರೂ ಚಿಂತೆಯಿಲ್ಲ, ಕೊನೆಯ ಮನೆಯಲ್ಲಿ ಕ್ಯಾನು ತುಂಬಲು ಎಷ್ಟು ನಿಮಿಷ ಹಿಡಿಯಿತು, ಅದನ್ನು ಸಭೆಯಲ್ಲಿ ಯಾರು ಓದಿದರು, ಅಷ್ಟು ಬರೆ.

ಇಂತಿ,
ನಿನ್ನ ದೊಡ್ಡಮ್ಮ