ಸುಳ್ಳು ಕ್ರಿಸ್ತನ ಪ್ರವಾದನೆಯನ್ನು ಓದುವ ಬಗೆ: ಮಗಳಿಗೊಂದು ಪತ್ರ

ಬೆಟಗೇರಿ, ಗದಗ

ಪ್ರೀತಿಯ ಮಗಳಿಗೆ ಕರ್ತನ ನಾಮದಲ್ಲಿ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಿಮ್ಮ ಪ್ರಾರ್ಥನಾ ಕೂಟದಲ್ಲಿ ಹಂಚಿದರೆಂದು ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಪಟವನ್ನು ದೊಡ್ಡದು ಮಾಡಿ ಮೂಲೆಮೂಲೆಯನ್ನೂ ನೋಡಿದೆ. ಎಡಕ್ಕೆ ಪ್ರವಾದಿ ದಾನಿಯೇಲನ ಎಪ್ಪತ್ತು ವಾರಗಳು (ಒಂದು ವಾರವೆಂದರೆ ಏಳು ವರ್ಷವೆಂಬ ಲೆಕ್ಕ), ನಡುವೆ ಪ್ರಕಟನೆ ಪುಸ್ತಕದ ಏಳು ತಲೆ ಹತ್ತು ಕೊಂಬುಗಳ ಮೃಗ, ಬಲತುದಿಯಲ್ಲಿ ಈಗ ಬದುಕಿರುವ ಒಬ್ಬ ವಿದೇಶಿ ನಾಯಕನ ಭಾವಚಿತ್ರ, ಅದರ ಕೆಳಗೆ ಕೆಂಪಕ್ಷರದಲ್ಲಿ ಒಂದು ವರ್ಷ. ಕಾಲ ಇಷ್ಟೇ ಉಳಿದಿರುವಾಗ ನರ್ಸಿಂಗ್ ಪರೀಕ್ಷೆಗೆ ಕೂರುವುದರಲ್ಲಿ ಏನು ಅರ್ಥವಿದೆ ಎಂದು ನಿನ್ನ ಗೆಳತಿಯರು ಮಾತಾಡಿಕೊಳ್ಳುತ್ತಿದ್ದಾರೆಂದೂ, ನಿನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲವೆಂದೂ ಬರೆದಿದ್ದೀ. ಹೆದರಬೇಡವೆಂದು ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಸತ್ಯವೇದ ನಿಜವಾಗಿ ಏನು ಹೇಳುತ್ತದೆಂದು ನೀನು ಕೇಳಿರುವೆಯಾದ್ದರಿಂದ, ಸತ್ಯವೇದವನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನೀನೂ ಹಾಗೆಯೇ ಓದು.

ಮೊದಲು ಒಂದು ಮಾತು. ಅಂತ್ಯಕಾಲದ ಸುಳ್ಳು ಕ್ರಿಸ್ತನ ವಿಷಯವೆಲ್ಲ ಬರೀ ಕಟ್ಟುಕಥೆ ಎಂದು ನಾನು ಹೇಳುವವಳಲ್ಲ. ಆ ಎಚ್ಚರಿಕೆ ಬಂದಿರುವುದು ಕರ್ತನ ಬಾಯಿಂದಲೇ. ಮತ್ತಾಯನ 24ನೆಯ ಅಧ್ಯಾಯವನ್ನು ತೆಗೆ. ಎಣ್ಣೆಮರಗಳ ಗುಡ್ಡದ ಮೇಲೆ ಶಿಷ್ಯರು ಏಕಾಂತದಲ್ಲಿ ಬಂದು, ಇದೆಲ್ಲ ಯಾವಾಗ ಆಗುವುದು, ಗುರುತೇನು ಎಂದು ಕೇಳುತ್ತಾರೆ. ಅವರು ಕೇಳಿದ್ದು ಕಾಲವನ್ನು. ಆತನು ಮೊಟ್ಟಮೊದಲು ಕೊಟ್ಟ ಉತ್ತರವೆಂದರೆ, ಯಾರೂ ನಿಮ್ಮನ್ನು ಮೋಸಗೊಳಿಸದಂತೆ ನೋಡಿಕೊಳ್ಳಿ ಎಂಬುದು. ಅನೇಕರು ನಾನೇ ಕ್ರಿಸ್ತನೆಂದು ಹೇಳಿಕೊಂಡು ಬರುವರು, ಸಾಧ್ಯವಾದರೆ ದೇವರು ಆರಿಸಿಕೊಂಡವರನ್ನೂ ಮರುಳುಗೊಳಿಸುವಂಥ ಸೂಚಕಕಾರ್ಯಗಳನ್ನು ಮಾಡಿ ತೋರಿಸುವರು ಎನ್ನುತ್ತಾನೆ. ಅದೇ ಅಧ್ಯಾಯದ 36ನೆಯ ವಚನದಲ್ಲಿ, ಆ ದಿನವೂ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು ಎಂದು ಹೇಳಿ ಕಾಲದ ಪ್ರಶ್ನೆಗೆ ಬಾಗಿಲು ಹಾಕಿಬಿಡುತ್ತಾನೆ. ಮಗನಿಗೂ ತಿಳಿಯದೆಂದು ಮಾರ್ಕನ ಸುವಾರ್ತೆ ಸ್ಪಷ್ಟವಾಗಿ ಬರೆದಿಟ್ಟಿರುವ ಕಾಲವನ್ನು ಒಬ್ಬ ಬೋಧಕರು ಕೆಂಪಕ್ಷರದಲ್ಲಿ ಅಚ್ಚುಹಾಕಿ ಹಂಚುತ್ತಾರೆಂದರೆ, ಪಟದ ಉಳಿದ ಭಾಗವನ್ನು ನೋಡುವ ಮುನ್ನವೇ ನೀನು ಎಚ್ಚರಗೊಳ್ಳಬೇಕು.

ಕರ್ತನು ಈ ಮಾತನ್ನು ಹೇಳಿದ್ದು ಗಾಳಿಯಲ್ಲಲ್ಲ. ಅಂದಿನ ಯೆಹೂದ್ಯರು ರೋಮಿನ ಆಳ್ವಿಕೆಯಲ್ಲಿ ನಲುಗಿ, ಬಿಡಿಸುವವನೊಬ್ಬನಿಗಾಗಿ ಹಾತೊರೆಯುತ್ತಿದ್ದರು. ಯೊರ್ದನ್ ಹೊಳೆಯನ್ನು ಇಬ್ಭಾಗ ಮಾಡಿ ದಾಟಿಸುತ್ತೇನೆಂದು ಜನರನ್ನು ಕರೆದೊಯ್ದವನೊಬ್ಬನ ಸಂಗತಿಯನ್ನು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಇನ್ನೊಬ್ಬನು ಐಗುಪ್ತದವನು. ಅಪೊಸ್ತಲರ ಕೃತ್ಯಗಳ 21ನೆಯ ಅಧ್ಯಾಯದಲ್ಲಿ ರೋಮಿನ ಸಹಸ್ರಾಧಿಪತಿಯು ಪೌಲನನ್ನು ಹಿಡಿದಾಗ, ನಾಲ್ಕು ಸಾವಿರ ಜನರನ್ನು ಅಡವಿಗೆ ಕರೆದುಕೊಂಡು ಹೋದ ಆ ಐಗುಪ್ತ್ಯನು ನೀನೇ ಅಲ್ಲವೇ ಎಂದು ಕೇಳುತ್ತಾನೆ. ತನ್ನ ಮಾತಿಗೆ ಯೆರೂಸಲೇಮಿನ ಗೋಡೆಗಳು ಕುಸಿಯುತ್ತವೆಂದು ಅವನು ನಂಬಿಸಿದ್ದನಂತೆ. ಗೋಡೆ ಕುಸಿಯಲಿಲ್ಲ, ನಂಬಿ ಹೋದವರು ರೋಮಿನ ಸೈನಿಕರ ಕೈಗೆ ಸಿಕ್ಕಿ ಸತ್ತರು. ಅಗೋ ಅಡವಿಯಲ್ಲಿದ್ದಾನೆ ಎಂದು ಯಾರಾದರೂ ಹೇಳಿದರೆ ಹೊರಟುಹೋಗಬೇಡಿರಿ ಎಂಬ ಕರ್ತನ ಮಾತನ್ನು ಈ ಘಟನೆಯ ಜೊತೆಗೆ ಓದಿದಾಗ ಅದರ ತೂಕ ತಿಳಿಯುತ್ತದೆ. ಕ್ರಿ.ಶ. 70ರಲ್ಲಿ ದೇವಾಲಯ ಸುಟ್ಟುಹೋದ ಮೇಲೂ ಇಂಥವರು ನಿಲ್ಲಲಿಲ್ಲ. 132ರಲ್ಲಿ ಬಾರ್ ಕೊಖ್ಬಾ ಎಂಬವನು ರೋಮಿನ ವಿರುದ್ಧ ದಂಗೆ ಎದ್ದನು. ಅಕೀವನಂಥ ಮಹಾಪಂಡಿತನೇ ಅವನನ್ನು ಮೆಸ್ಸೀಯನೆಂದು, ಅಂದರೆ ದೇವರು ಕಳಿಸಿದ ಬಿಡಿಸುವವನೆಂದು, ಒಪ್ಪಿದನೆಂದು ಯೆಹೂದ್ಯರ ಪರಂಪರೆ ಹೇಳುತ್ತದೆ. 135ರ ಹೊತ್ತಿಗೆ ಯೂದಾಯದ ಹಳ್ಳಿಹಳ್ಳಿಗಳೇ ಹಾಳುಬಿದ್ದವು. ಸ್ಮುರ್ನ ಪಟ್ಟಣದ ಶಬ್ಬತೈ ಜ್ವಿ ಎಂಬವನನ್ನು ನಂಬಿ ಯುರೋಪಿನ ಯೆಹೂದ್ಯರಲ್ಲಿ ಎಷ್ಟೋ ಮಂದಿ ಮನೆಮಾರು ಮಾರಿ ಪ್ರಯಾಣಕ್ಕೆ ಸಿದ್ಧರಾದರು. 1666ರಲ್ಲಿ ತುರ್ಕಿಯ ಸುಲ್ತಾನನ ಮುಂದೆ ಅವನೇ ಇಸ್ಲಾಂ ಸ್ವೀಕರಿಸಿಬಿಟ್ಟನು. ಇವರ ಹಿಂದೆ ಹೋದವರು ದೇವಭಕ್ತಿಯಿಲ್ಲದವರಲ್ಲ ಮಗಳೇ. ದೇವರಿಗಾಗಿ ಕಾಯುತ್ತಿದ್ದವರೇ ಮೋಸಹೋದರು.

ಈಗ ನಿನ್ನ ಪಟಕ್ಕೆ ಬರುತ್ತೇನೆ. ಅದರಲ್ಲಿರುವ ವಚನಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಬೇರೆಬೇರೆ ಸೀರೆಗಳ ತುಂಡು ಕತ್ತರಿಸಿ ಕೌದಿ ಹೊಲಿಯುವಂತೆ, ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಜನರಿಗೆ ಬರೆದ ಮಾತುಗಳನ್ನು ಕತ್ತರಿಸಿ ಒಂದೇ ಚಿತ್ರವಾಗಿ ಹೊಲಿದಿದ್ದಾರೆ. ಕ್ರಿಸ್ತವಿರೋಧಿ ಎಂಬ ಹೆಸರು ಪ್ರಕಟನೆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ, ದಾನಿಯೇಲನಲ್ಲಿಯೂ ಇಲ್ಲ. ಅದು ಬರುವುದು ಯೋಹಾನನ ಪತ್ರಗಳಲ್ಲಿ ಮಾತ್ರ, ಮತ್ತು ಅಲ್ಲಿ ಅದು ಒಬ್ಬನಿಗೇ ಮೀಸಲಾಗಿಲ್ಲ. ಕ್ರಿಸ್ತವಿರೋಧಿ ಬರುತ್ತಾನೆಂದು ಕೇಳಿದ್ದೀರಷ್ಟೆ, ಈಗಲೇ ಅನೇಕರು ಎದ್ದಿದ್ದಾರೆ ಎನ್ನುತ್ತಾನೆ ಯೋಹಾನ; ಅವರು ನಮ್ಮೊಳಗಿನಿಂದಲೇ ಹೊರಟವರು ಎಂದೂ ಸೇರಿಸುತ್ತಾನೆ. ಪೌಲನು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅಧರ್ಮಸ್ವರೂಪನೊಬ್ಬನು ಬರುವನೆಂದೂ, ದೇವರ ಆಲಯದಲ್ಲಿ ಕೂತು ತನ್ನನ್ನೇ ದೇವರೆಂದು ತೋರಿಸಿಕೊಳ್ಳುವನೆಂದೂ ಹೇಳುತ್ತಾನೆ. ಆದ್ದರಿಂದ ಕೊನೆಗಾಲದಲ್ಲಿ ಒಬ್ಬ ವ್ಯಕ್ತಿ ಬರುವನೆಂದು ನಂಬುವವರನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಪತ್ರವನ್ನು ಪೌಲನು ಬರೆಯಬೇಕಾಗಿ ಬಂದದ್ದೇ ಜನ ತಳಮಳಗೊಂಡಿದ್ದರಿಂದ. ಕರ್ತನ ದಿನ ಬಂದೇಬಿಟ್ಟಿತೆಂದು ನಮ್ಮ ಹೆಸರಿನಲ್ಲಿ ಪತ್ರ ಬಂದರೂ ಬೇಗನೆ ಮನಸ್ಸು ಕದಲಬೇಡಿರಿ ಎನ್ನುತ್ತಾನೆ. ಕೈಯಿಂದ ಕೈಗೆ ದಾಟಿ ಬರುವ ಸಂದೇಶಗಳ ಹಾವಳಿ ಅಂದೂ ಇತ್ತು.

ದಾನಿಯೇಲನ ವಿಷಯದಲ್ಲಿ ಇಷ್ಟು ತಿಳಿದಿರು. ಕ್ರಿ.ಪೂ. 167ರಲ್ಲಿ ನಾಲ್ಕನೆಯ ಅಂತಿಯೋಕನೆಂಬ ಅರಸನು ಯೆರೂಸಲೇಮಿನ ದೇವಾಲಯದಲ್ಲಿ ಜ್ಯೂಸ್ ದೇವತೆಗೆ ಬಲಿ ಅರ್ಪಿಸುವಂತೆ ಮಾಡಿದನು. ದಾನಿಯೇಲನು ಹೇಳುವ ಹಾಳುಮಾಡುವ ಅಸಹ್ಯ ವಸ್ತುವನ್ನು ಅನೇಕ ಪಂಡಿತರು ಈ ಘಟನೆಯಲ್ಲಿಯೇ ಕಾಣುತ್ತಾರೆ. ಕರ್ತನು ಅದೇ ಮಾತನ್ನು ತನ್ನ ಮುಂದಿನ ಕಾಲಕ್ಕೆ ಅನ್ವಯಿಸಿ ಹೇಳಿದನು. ದೇವಾಲಯದ ನಾಶದೊಂದಿಗೆ ಅದು ನೆರವೇರಿತೆಂದು ಕೆಲವರು, ಇನ್ನೂ ಮುಂದಿದೆಯೆಂದು ಕೆಲವರು, ಎರಡೂ ನಿಜವೆಂದು ಇನ್ನು ಕೆಲವರು ನಂಬುತ್ತಾರೆ. ಎಪ್ಪತ್ತನೆಯ ವಾರವನ್ನು ಕತ್ತರಿಸಿ ಮುಂದಕ್ಕೆ ಇಟ್ಟು, ಅದಕ್ಕೂ ಮುಂಚೆ ವಿಶ್ವಾಸಿಗಳ ಸಭೆಯು ಗುಪ್ತವಾಗಿ ಪರಲೋಕಕ್ಕೆ ಎತ್ತಲ್ಪಡುವುದೆಂದು ಹೇಳುವ ನಿನ್ನ ಪಟದ ಕ್ರಮ 19ನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರ ಬೋಧನೆಯಿಂದ ಹಬ್ಬಿದ್ದು, 1909ರ ಸ್ಕೋಫೀಲ್ಡ್ ಬೈಬಲ್ಲಿನ ಟಿಪ್ಪಣಿಗಳ ಮೂಲಕ ಊರೂರಿಗೆ ತಲುಪಿದ್ದು. ಹೊಸದೆಂಬ ಕಾರಣಕ್ಕೇ ಅದು ತಪ್ಪೆನ್ನಲಾರೆ. ಆದರೆ ಅದೊಂದೇ ಸತ್ಯವೇದದ ಮಾತು, ಬೇರೆಯಾಗಿ ಓದುವವರೆಲ್ಲ ದಾರಿತಪ್ಪಿದವರು ಎಂದು ನಿನಗೆ ಯಾರಾದರೂ ಹೇಳಿದರೆ ಒಪ್ಪಬೇಡ.

ಪ್ರಕಟನೆಯ 13ನೆಯ ಅಧ್ಯಾಯದಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲು. ಈ ಪುಸ್ತಕ ಯಾರಿಗೆ ಬರೆದದ್ದೆಂದು ಮೊದಲ ಅಧ್ಯಾಯವೇ ಹೇಳುತ್ತದೆ: ಎಫೆಸ, ಸ್ಮುರ್ನ, ಪೆರ್ಗಮ ಮೊದಲಾದ ಏಳು ಊರುಗಳ ಸಭೆಗಳಿಗೆ. ಪೆರ್ಗಮದಲ್ಲಿ ಕ್ರಿ.ಪೂ. 29ರಲ್ಲಿಯೇ ಚಕ್ರವರ್ತಿ ಔಗುಸ್ತನಿಗೂ ರೋಮಿಗೂ ಗುಡಿ ಕಟ್ಟಲು ಅಪ್ಪಣೆಯಾಗಿತ್ತು. ಮನುಷ್ಯನೊಬ್ಬನನ್ನು ದೇವರೆಂದು ಪೂಜಿಸುವುದೇ ಒಳ್ಳೆಯ ಪ್ರಜೆಯ ಲಕ್ಷಣವೆಂದು ಎಣಿಸುವ ಊರಿನಲ್ಲಿ ಕೂತು ಈ ಅಧ್ಯಾಯವನ್ನು ಕೇಳಿದವರಿಗೆ, ಮೊದಲನೆಯ ಮೃಗ ಯಾವುದೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಆ ಅಧ್ಯಾಯ ಮೃಗದ ಸಂಖ್ಯೆಯೆಂದು ಕೊಡುವ 666ರ ಲೆಕ್ಕವೂ ಹಾಗೆಯೇ. ಇಬ್ರಿಯದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆಯಿದೆ; ನೀರೋ ಚಕ್ರವರ್ತಿಯ ಹೆಸರನ್ನು ನೀರೋನ್ ಕೈಸರ್ ಎಂದು ಆ ಅಕ್ಷರಗಳಲ್ಲಿ ಬರೆದು ಬೆಲೆಯನ್ನು ಕೂಡಿಸಿದರೆ ಆ ಸಂಖ್ಯೆ ಬರುತ್ತದೆ; ನೀರೋನ್ ಎಂಬುದರ ಕೊನೆಯ ಅಕ್ಷರವನ್ನು ಬಿಟ್ಟು ಬರೆದರೆ 616 ಬರುತ್ತದೆ. ಐಗುಪ್ತದಲ್ಲಿ ಸಿಕ್ಕ ಒಂದು ಪ್ರಾಚೀನ ಹಸ್ತಪ್ರತಿಯಲ್ಲಿ 616 ಎಂದೇ ಇದೆ. ಬಾರ್‌ಕೋಡಿನಲ್ಲಿ, ಲಸಿಕೆಯಲ್ಲಿ, ಆಧಾರ್ ಸಂಖ್ಯೆಯಲ್ಲಿ ಮೃಗದ ಗುರುತನ್ನು ಹುಡುಕುವವರು ಮುಂದಿನ ಅಧ್ಯಾಯದ ಮೊದಲ ವಚನವನ್ನು ಓದುವುದಿಲ್ಲ. ಅಲ್ಲಿ ಕುರಿಮರಿಯ, ಅಂದರೆ ಕ್ರಿಸ್ತನ, ಸಂಗಡ ಇರುವವರ ಹಣೆಯ ಮೇಲೂ ಒಂದು ಗುರುತಿದೆ, ತಂದೆಯ ಹೆಸರು. ಅದು ಯಾರಿಗೂ ಕಣ್ಣಿಗೆ ಕಾಣುವ ಹಚ್ಚೆಯಲ್ಲವಾದರೆ ಇದೂ ಅಲ್ಲ. ಯಾರನ್ನು ಆರಾಧಿಸುತ್ತೀ, ಯಾರ ಕೆಲಸಕ್ಕೆ ಕೈ ಕೊಡುತ್ತೀ ಎಂಬುದೇ ಎರಡೂ ಗುರುತುಗಳ ವಿಷಯವೆಂದು ನಾನು ತಿಳಿದಿದ್ದೇನೆ. ರೇಶನ್ ಅಂಗಡಿಯಲ್ಲಿ ಬೆರಳೊತ್ತಿದ ಕಾರಣಕ್ಕೆ ತಿಳಿಯದೆಯೇ ಕ್ರಿಸ್ತನನ್ನು ಕಳೆದುಕೊಂಡೆನೋ ಎಂದು ಯಾವ ವಿಶ್ವಾಸಿಯೂ ನಡುಗಬೇಕಾಗಿಲ್ಲ.

ನಿನ್ನ ಪಟ ಒಂದೇ ಸಾಲಿನಲ್ಲಿ ದಾಟಿಹೋಗುವ ಎರಡನೆಯ ಮೃಗವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅದು ಭೂಮಿಯಿಂದ ಏಳುತ್ತದೆ, ಅದಕ್ಕೆ ಕುರಿಮರಿಗಿರುವಂತೆ ಎರಡು ಕೊಂಬುಗಳಿವೆ, ಆದರೆ ಅದು ಆಡುವ ಮಾತು ಘಟಸರ್ಪದ್ದು. ಆಕಾಶದಿಂದ ಬೆಂಕಿಯನ್ನೂ ಇಳಿಸುತ್ತದೆ. ಅಂದರೆ ಸುಳ್ಳು ಕ್ರಿಸ್ತನು ಕ್ರಿಸ್ತನ ವೈರಿಯ ವೇಷದಲ್ಲಿ ಬರುವುದಿಲ್ಲ. ಕುರಿಮರಿಯ ಹೋಲಿಕೆಯಲ್ಲಿ, ಭಕ್ತಿಯ ಭಾಷೆಯಲ್ಲಿ, ಅದ್ಭುತಗಳ ಸಮೇತ ಬರುತ್ತಾನೆ. ದೂರದೇಶದ ನಾಯಕನ ಫೋಟೋ ನೋಡುತ್ತ ಕೂತವರಿಗೆ ತಮ್ಮ ವೇದಿಕೆಯ ಮೇಲೆ ನಿಂತವನನ್ನು ಪರೀಕ್ಷಿಸುವ ನೆನಪೇ ಬರುವುದಿಲ್ಲ ಎಂಬುದು ನನ್ನ ದೊಡ್ಡ ಕಳವಳ.

ಹೆಸರು ಹೇಳುವ ಚಟ ಹಳೆಯದು. ಎರಡನೆಯ ಶತಮಾನದ ಐರೇನಿಯಸ್ ಎಂಬ ಬಿಷಪ್ಪರು 666ಕ್ಕೆ ಹೊಂದುವ ಕೆಲವು ಹೆಸರುಗಳನ್ನು ತಾವೇ ಲೆಕ್ಕಹಾಕಿ ನೋಡಿ, ಆ ಹೆಸರು ಈಗಲೇ ತಿಳಿಯಬೇಕಾಗಿದ್ದರೆ ದರ್ಶನ ಕಂಡವನೇ ಹೇಳುತ್ತಿದ್ದನೆಂದು ಬರೆದು ಸುಮ್ಮನಾದರು. ಆ ವಿವೇಕ ಆಮೇಲಿನವರಿಗೆ ಉಳಿಯಲಿಲ್ಲ. ಸುಧಾರಕ ಮಾರ್ಟಿನ್ ಲೂಥರರು ಪೋಪರನ್ನು ಹೆಸರಿಸಿದರು, ಮುಂದಿನವರು ನೆಪೋಲಿಯನ್ನನನ್ನು, ಮುಸೊಲಿನಿಯನ್ನು, ಹಿಟ್ಲರನನ್ನು ಹೆಸರಿಸಿದರು. ಅವರಲ್ಲಿ ಕೆಲವರು ನಿಜಕ್ಕೂ ದುಷ್ಟರು. ಆದರೂ ಅವರು ಸತ್ತರು, ಲೋಕ ಉಳಿಯಿತು, ಪಟಗಳನ್ನು ಹೊಸದಾಗಿ ಬರೆಯಬೇಕಾಯಿತು. ಅಮೆರಿಕದ ವಿಲಿಯಂ ಮಿಲ್ಲರರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕರ್ತನು ಬರುವನೆಂದು ನಂಬಿದ್ದರು. ಅವರಲ್ಲಿ ಕೆಲವರು ಹೊಲದ ಬೆಳೆಯನ್ನೂ ಕೀಳದೆ ಬಿಟ್ಟರು. ನಮ್ಮ ಸೀಮೆಯಲ್ಲಿಯೂ ಇಂಥದೊಂದು ಸಂಗತಿಯಿದೆ. 1840ರ ಸುಮಾರಿಗೆ ಹುಬ್ಬಳ್ಳಿಯ ಸುತ್ತ ಕಾಲಜ್ಞಾನಿಗಳೆಂಬ ಜನರು ಬಾಸೆಲ್ ಮಿಶನ್ನಿನ ಪಾದ್ರಿಗಳ ಬಳಿ ಬಂದು, ತಮ್ಮ ಕಾಲಜ್ಞಾನದ ಮಾತು ಇವರಲ್ಲಿ ನೆರವೇರುತ್ತಿದೆಯೆಂದು ಭಾವಿಸಿದರು. ಮೋಗ್ಲಿಂಗ್ ಪಾದ್ರಿಗಳಿಗೂ ದೊಡ್ಡ ನಿರೀಕ್ಷೆ ಹುಟ್ಟಿತು. ಇಲ್ಲೇ ನಮ್ಮ ಬೆಟಗೇರಿಯ ಹತ್ತಿರದ ಮಲ್ಲಸಮುದ್ರದಲ್ಲಿ ಅವರಿಗಾಗಿ ನೆಲೆಯೊಂದನ್ನು ಮಾಡಿದರು. ಎಣಿಸಿದಂತೆ ಜನಸಮೂಹ ಬರಲಿಲ್ಲ. ಎರಡೂ ಕಡೆಯವರು ಪ್ರಾಮಾಣಿಕರೇ. ಆದರೆ ಒಂದು ಹಳೆಯ ಮಾತಿನಲ್ಲಿ ಇಬ್ಬರೂ ತಂತಮ್ಮ ಆಸೆಯನ್ನು ಓದಿಕೊಂಡಿದ್ದರು. ಅಂತ್ಯವನ್ನು ಸಾರುವ ಪಟ ಎದುರಿಗೆ ಬಂದಾಗಲೆಲ್ಲ ನನಗೆ ಮಲ್ಲಸಮುದ್ರ ನೆನಪಾಗುತ್ತದೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ, ಹೇಳಿದ ಮಾತು ನಡೆಯದಿದ್ದರೆ ಅದು ಕರ್ತನ ಮಾತಲ್ಲ ಎನ್ನುತ್ತದೆ. ಇದನ್ನು ಎಲ್ಲರೂ ಬಲ್ಲರು. 13ನೆಯ ಅಧ್ಯಾಯ ಇನ್ನೂ ಆಳಕ್ಕೆ ಹೋಗುತ್ತದೆ: ಅವನು ಹೇಳಿದ ಗುರುತು ನಡೆದೇ ನಡೆದರೂ, ಬೇರೆ ದೇವರ ಕಡೆಗೆ ನಿನ್ನನ್ನು ಎಳೆದರೆ ಅವನ ಮಾತು ಕೇಳಬೇಡ. ಆದ್ದರಿಂದ ಮುಂದೆ ಯಾವುದೋ ಯುದ್ಧವೋ ಭೂಕಂಪವೋ ಪಟದಲ್ಲಿದ್ದಂತೆ ನಡೆಯಿತೆಂಬುದು ಆ ಬೋಧಕರಿಗೆ ಸಾಕ್ಷಿಯಾಗುವುದಿಲ್ಲ. ಅವರು ನಿನ್ನಿಂದ ಏನು ಕೇಳುತ್ತಾರೆ ಎಂಬುದನ್ನು ನೋಡು. ದೇವರಿಗೆ ಮಾತ್ರ ಸಲ್ಲಬೇಕಾದ ವಿಧೇಯತೆಯನ್ನು ತಮಗಾಗಿ ಕೇಳುತ್ತಾರೆಯೇ? ತಮ್ಮನ್ನು ಪ್ರಶ್ನಿಸುವುದು ಪವಿತ್ರಾತ್ಮನನ್ನೇ ಪ್ರಶ್ನಿಸಿದಂತೆ ಎನ್ನುತ್ತಾರೆಯೇ? ಹೆತ್ತವರಿಂದ, ಊರ ಸಭೆಯಿಂದ, ಬೇರೆ ಧರ್ಮದ ನೆರೆಯವರಿಂದ ನಿನ್ನನ್ನು ದೂರ ಮಾಡುತ್ತಾರೆಯೇ? ಹೆದರಿದ ಹುಡುಗಿಯರಿಂದ ಕಾಣಿಕೆ ಎತ್ತುತ್ತಾರೆಯೇ? ಫಲಗಳಿಂದ ಅವರನ್ನು ತಿಳಿದುಕೊಳ್ಳಿರಿ ಎಂದು ಕರ್ತನು ಹೇಳಿದ್ದು ಸುಳ್ಳು ಪ್ರವಾದಿಗಳ ವಿಷಯದಲ್ಲಿಯೇ.

ಪರೀಕ್ಷೆಯ ವಿಷಯ ಇನ್ನೊಂದಿದೆ. ಅಧರ್ಮಸ್ವರೂಪನ ಕುರಿತು ಬರೆದ ಪೌಲನು ಅದೇ ಪತ್ರದ ಮುಂದಿನ ಅಧ್ಯಾಯದಲ್ಲಿ, ನಿಮ್ಮಲ್ಲಿ ಕೆಲವರು ಕೆಲಸಬಿಟ್ಟು ಅಂಡಲೆಯುತ್ತಾರೆಂದು ಕೇಳಿದ್ದೇನೆ, ಅವರು ಶಾಂತರಾಗಿ ದುಡಿದು ತಮ್ಮ ಅನ್ನವನ್ನೇ ಉಣ್ಣಲಿ ಎಂದು ಅಪ್ಪಣೆ ಕೊಡುತ್ತಾನೆ. ನಿನ್ನ ಗೆಳತಿಯರಿಗೂ ಈ ಅಧ್ಯಾಯವನ್ನು ಓದಿ ಹೇಳು. ರೋಗಿಗಳ ಸೇವೆಗೆ ಕಲಿಯುತ್ತಿರುವ ನೀವು ಕರ್ತನು ನಾಳೆಯೇ ಬಂದರೂ ಆತನಿಗೆ ಮುಖ ತೋರಿಸಲು ನಾಚಬೇಕಾದ ಕೆಲಸವನ್ನೇನೂ ಮಾಡುತ್ತಿಲ್ಲ. ಪರೀಕ್ಷೆಗೆ ಕೂರು, ಅರ್ಜಿಯ ಹಣವನ್ನು ಅಪ್ಪ ಕಳಿಸಿದ್ದಾರೆ.

ಕೂಟಕ್ಕೆ ಹೋಗುವುದನ್ನು ಬಿಡಬೇಕೇ ಎಂದು ಕೇಳಿದ್ದೀ. ಮುಂದಿನ ಸಲ ಹೋದಾಗ ಆ ಬೋಧಕರನ್ನು ಎಲ್ಲರ ಎದುರಿಗೆ, ಗೌರವದಿಂದಲೇ ಎರಡು ಮಾತು ಕೇಳು: ಮತ್ತಾಯ 24ರ 36ನೆಯ ವಚನವಿರುವಾಗ ಈ ವರ್ಷವನ್ನು ಹೇಗೆ ಬರೆದಿರಿ, ಮತ್ತು ಆ ವರ್ಷ ಕಳೆದುಹೋದರೆ ಈ ಹುಡುಗಿಯರಿಗೆ ನೀವು ಏನು ಹೇಳುವಿರಿ. ಅವರು ಸತ್ಯವೇದವನ್ನು ತೆರೆದು ನಿನ್ನ ಜೊತೆ ಕೂತರೆ, ಇನ್ನೂ ಕೆಲವು ದಿನ ಹೋಗಿ ಕೇಳು. ಸಿಟ್ಟಾದರೆ ಅಂದೇ ಹೊರಟು ಬಾ, ಗೆಳತಿಯರನ್ನೂ ಕರೆದುಕೊಂಡು ಬಾ. ಹೇಗಾಯಿತೆಂದು ನನಗೆ ಬರೆ.

ನಿನ್ನ
ಅವ್ವ