ಭಾನುವಾರ ಐಟಿಐ ಬಾಗಿಲು ತೆರೆದಿರಲಿ

ಮಾನ್ಯರೇ,

ನಾನು ಬಸ್ ಕಂಡಕ್ಟರ್ ಆಗಿದ್ದವನು. ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ 11 ವರ್ಷ ಒಬ್ಬರೇ ಡ್ರೈವರ್ ಜೊತೆ ದುಡಿದೆ. ಮೊನ್ನೆ ಅವರಿಗೂ 60 ತುಂಬಿತು. ಶಾಲು, ಹಾರ ಎಲ್ಲರೂ ಹಾಕುತ್ತಾರೆ. ನಾನು ಕೈಯಾರೆ ಒಂದು ಮರದ ಪೆಟ್ಟಿಗೆ ಮಾಡಿಕೊಟ್ಟೆ. ಒಳಗೆ ನನ್ನ ಹಳೆಯ ವಿಷಲ್ ಇದೆ.

ಪೆಟ್ಟಿಗೆಗೆ ಬೀಗ ಇಲ್ಲ, ಕೀಲಿಕೈ ಇಲ್ಲ. ಮುಚ್ಚಳದ ಅಂಚಿನೊಳಗೆ ಎದುರುಬದುರು ಎರಡು ತೂತು. ಒಂದೊಂದರಲ್ಲಿ ತಲೆ ಕತ್ತರಿಸಿದ ಮೊಳೆ. ಒಂದು ಕಡೆ ವಾಲಿಸಿದರೆ ಒಂದು ಮೊಳೆ ಹಿಂದೆ ಸರಿಯುತ್ತದೆ, ಇನ್ನೊಂದು ಒಳಕ್ಕೆ ನುಗ್ಗಿ ಪೆಟ್ಟಿಗೆಯನ್ನು ಹಿಡಿದುಕೊಳ್ಳುತ್ತದೆ. ಮೇಜಿನ ಮೇಲಿಟ್ಟು ಗಿರ್ರನೆ ತಿರುಗಿಸಿದರೆ ಮಾತ್ರ ಎರಡೂ ಒಟ್ಟಿಗೆ ಹೊರಕ್ಕೆ ಓಡುತ್ತವೆ, ಮುಚ್ಚಳ ಬರುತ್ತದೆ. ಜೀವನವಿಡೀ ಸ್ಟೇರಿಂಗ್ ತಿರುಗಿಸಿದವರಿಗೆ ತಕ್ಕ ಬೀಗ, ಅಲ್ವಾ?

ಮರ ಚೇಳೂರಿನ ನಮ್ಮ ಮಾವನ ತೋಟದ್ದು, ಗಾಳಿಗೆ ಬಿದ್ದ ಹಲಸು. ವೀಣೆ ಮಾಡುವುದೂ ಇದರಲ್ಲೇ. ಮೊದಲ ಪೆಟ್ಟಿಗೆ ಮಳೆಗಾಲದಲ್ಲಿ ಉಬ್ಬಿ ಮುಚ್ಚಳ ಕಚ್ಚಿಕೊಂಡಿತು. ‘ಮರ ಉದ್ದಕ್ಕೆ ಬೆಳೆಯಲ್ಲ ಸ್ವಾಮಿ, ಅಗಲಕ್ಕೆ ಉಬ್ಬುತ್ತೆ. ಪೋಸ್ಟ್ ಕಾರ್ಡಿನಷ್ಟು ಸಂದು ಬಿಡಿ’ ಎಂದರು ನಮ್ಮ ಬೀದಿಯ ಆಚಾರರು. ಎರಡನೆಯದು ಸರಿಹೋಯಿತು.

ಕಷ್ಟವಾಗಿದ್ದು ತೂತು. ಅದು ನೆಟ್ಟಗೆ, ಮಟ್ಟವಾಗಿ ಇರಬೇಕು. ಕೈ ಡ್ರಿಲ್ಲಿನಲ್ಲಿ ಎರಡು ಮುಚ್ಚಳ ಹಾಳು ಮಾಡಿದೆ. ಕಂಬಕ್ಕೆ ಕೂರಿಸಿದ ಡ್ರಿಲ್ಲಿಂಗ್ ಮಿಷನ್ ಬೇಕಿತ್ತು. ಒಂದು ವರ್ಕ್‌ಶಾಪಿನಲ್ಲಿ ‘ಎರಡು ತೂತಿಗೆಲ್ಲ ಮಿಷನ್ ಹಾಕಲ್ಲ’ ಎಂದರು. ಒಂದು ತರಬೇತಿ ಸಂಸ್ಥೆಯಲ್ಲಿ ಹೊರಗಿನವರಿಗೆ ಬಿಡುವುದಿಲ್ಲ ಎಂದರು. ಅವರದ್ದೂ ತಪ್ಪಲ್ಲ, ಬೆರಳು ಹೋದರೆ ಜವಾಬ್ದಾರಿ ಯಾರದು? ಕೊನೆಗೆ ಗ್ರಿಲ್ ಅಂಗಡಿಯ ಹುಡುಗನೊಬ್ಬ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಹಾಕಿಕೊಟ್ಟ. ಟೀ ಕುಡಿಸಿದೆ, ದುಡ್ಡು ಮುಟ್ಟಲಿಲ್ಲ.

ಐಟಿಐಗಳ ಫಿಟ್ಟರ್ ವಿಭಾಗದಲ್ಲಿ ಇಂಥ ಮಿಷನ್‌ಗಳಿವೆ. ಭಾನುವಾರ ಸುಮ್ನೆ ನಿಂತಿರುತ್ತವೆ. ತಿಂಗಳಿಗೆ ಒಂದು ಭಾನುವಾರ, ಬೆಳಿಗ್ಗೆ ಮೂರು ಗಂಟೆ ಹೊತ್ತು ಜನರಿಗೂ ಬಿಡಿ. ಒಬ್ಬರು ಮೇಷ್ಟ್ರು ಪಕ್ಕದಲ್ಲಿರಲಿ, 50 ರೂಪಾಯಿ ಶುಲ್ಕ ತೆಗೆದುಕೊಳ್ಳಿ, ಮುಚ್ಚಳಿಕೆ ಬರೆಸಿಕೊಳ್ಳಿ. ನಿವೃತ್ತರು ಜಾಸ್ತಿ ಇರುವ ಊರು ನಮ್ಮದು. ಮಕ್ಕಳೂ ಬರುತ್ತಾರೆ.

ಇನ್ನೊಂದು ವಿನಂತಿ. ನನ್ನ ಡ್ರೈವರ್ ಗೆಳೆಯರು ನಾಲ್ಕು ದಿನದಿಂದ ಪೆಟ್ಟಿಗೆಯನ್ನು ಅಲ್ಲಾಡಿಸುತ್ತಲೇ ಇದ್ದಾರೆ, ಇನ್ನೂ ತೆರೆದಿಲ್ಲ. ಮಚ್ಚು ತರಲಾ ಎಂದು ಅವರ ಮನೆಯವರು ಕೇಳಿದರಂತೆ. ಅವರ ಮನೆಗೂ ನಿಮ್ಮ ಪತ್ರಿಕೆಯೇ ಬರುತ್ತದೆ. ಈ ಪತ್ರವನ್ನು ಒಂದು ವಾರ ಬಿಟ್ಟು ಹಾಕಿದರೆ ಉಪಕಾರ.

– ನಿವೃತ್ತ ಕಂಡಕ್ಟರ್, ಶಿರಾ ಗೇಟ್, ತುಮಕೂರು